ಗ್ಯಾಸ್ ಟ್ಯಾಂಕಿಗೆ ಉಪ್ಪುನೀರು ಬಿದ್ದರೆ

ಕೇಳುಗರೇ, ನಮಸ್ಕಾರ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ನೀರು ಬಿಟ್ಟುಕೊಳ್ಳುತ್ತದೆ, ಅಲ್ವಾ? ಮಿಡಿಸೌತೆ ಕಾರ್ಖಾನೆಯ ಉಪ್ಪುನೀರನ್ನು ಗ್ಯಾಸ್ ಟ್ಯಾಂಕಿಗೆ, ಅಂದರೆ ಕೊಳೆಯಿಂದ ಗ್ಯಾಸ್ ಮಾಡುವ ಗೋಬರ್ ಗ್ಯಾಸಿನಂಥ ಟ್ಯಾಂಕಿಗೆ, ಸುರಿದರೆ ಒಳಗಿರುವ ಸೂಕ್ಷ್ಮಜೀವಿಗಳಿಗೂ ಅದೇ ಗತಿ. ಮೈಯೊಳಗಿನ ನೀರು ಹೊರಗೆ ಸೋರಿ ಸೊರಗುತ್ತವೆ.

ನಮ್ಮ ರಾಜ್ಯದ ಮಿಡಿಸೌತೆ ಉಪ್ಪುನೀರಿನ ಡ್ರಮ್ಮುಗಳಲ್ಲಿ ಹೊರದೇಶಕ್ಕೆ ಹೋಗುತ್ತದೆ, ಗೊತ್ತಲ್ಲ. ಕಾಯಿ ತೆಗೆದ ಮೇಲೆ ಉಳಿಯುವ ನೀರಿನಲ್ಲಿ ಕಾಯಿಯ ರಸ, ಹುಳಿ ಎಲ್ಲ ಇರುವುದರಿಂದ ಗ್ಯಾಸಿಗೆ ಅದು ಒಳ್ಳೆಯ ಮೇವೇ. ತಕರಾರು ಉಪ್ಪಿನದು, ಅದರಲ್ಲೂ ಸೋಡಿಯಂನದು.

ಗಾಳಿಯಾಡದ ಟ್ಯಾಂಕಿನಲ್ಲಿ ಒಂದು ಗುಂಪು ಕೊಳೆಯನ್ನು ಹುಳಿ ಮಾಡುತ್ತದೆ, ಇನ್ನೊಂದು ಆ ಹುಳಿ ತಿಂದು ಉರಿಯುವ ಗ್ಯಾಸಾದ ಮೀಥೇನ್ ಬಿಡುತ್ತದೆ. ಉಪ್ಪಿಗೆ ಮೊದಲು ಸೋಲುವುದು ಎರಡನೆಯವು. ಮೊದಲನೆಯವು ತಮ್ಮ ಪಾಡಿಗೆ ಹುಳಿ ಮಾಡುತ್ತಲೇ ಇರುತ್ತವೆ, ತಿನ್ನುವವರಿಲ್ಲ, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 7ರ ಆಸುಪಾಸಿನಿಂದ 6ರ ಕಡೆ ಜಾರುತ್ತದೆ, ಒಲೆ ಹಚ್ಚಿದರೆ ಉರಿ ನಿಲ್ಲುವುದಿಲ್ಲ, ಯಾಕಂದ್ರೆ ಬರುವ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡೇ ಜಾಸ್ತಿ. ಆಗ ಮೇವು ಸಾಲದು ಅಂತ ಇನ್ನಷ್ಟು ಸುರಿದರೆ ಮುಗೀತು, ಹುಳಿ ಮತ್ತೂ ಏರುತ್ತದೆ.

ಅಮೆರಿಕದ ಎಂಜಿನಿಯರ್ ಪೆರ್ರಿ ಮೆಕಾರ್ಟಿ 1964ರಲ್ಲಿ ಕೊಟ್ಟ ಅಂಕಿಗಳನ್ನು ಈಗಲೂ ಬಳಸುತ್ತಾರೆ. ಲೀಟರಿಗೆ 100ರಿಂದ 200 ಮಿಲಿಗ್ರಾಂ ಸೋಡಿಯಂ ಇದ್ದರೆ ಜೀವಿಗಳಿಗೆ ಒಳ್ಳೆಯದೇ. 3,500 ದಾಟಿದರೆ ತೊಂದರೆ ಶುರು. 8,000 ದಾಟಿದರೆ ಬಲವಾದ ಪೆಟ್ಟು. ಈಗ ಲೆಕ್ಕ ಹಾಕಿ, ಲೀಟರಿಗೆ 100 ಗ್ರಾಂ ಅಡುಗೆ ಉಪ್ಪು ಕರಗಿದ್ದರೆ ಸೋಡಿಯಂ ಸುಮಾರು 39,000 ಮಿಲಿಗ್ರಾಂ!

ಆದರೆ ಈ ಗಡಿ ಎಲ್ಲ ಟ್ಯಾಂಕಿಗೂ ಒಂದೇ ಅಲ್ಲ. ಉಪ್ಪನ್ನು ವಾರವಾರ ಸ್ವಲ್ಪಸ್ವಲ್ಪವೇ ಏರಿಸಿದರೆ ಜೀವಿಗಳು ಮೈಯೊಳಗೆ ಬೀಟೇನ್‌ನಂಥ ಪದಾರ್ಥ ತುಂಬಿಕೊಂಡು ನೀರು ಹಿಡಿದಿಟ್ಟುಕೊಳ್ಳುತ್ತವೆ, ಹೊಂದಿಕೊಳ್ಳುತ್ತವೆ. ಒಂದೇ ಸಲ ಸುರಿದರೆ ಅವಕ್ಕೆ ಅಷ್ಟು ಪುರಸೊತ್ತೇ ಸಿಗುವುದಿಲ್ಲ. ನನ್ನ ಪ್ರಕಾರ ಎಡವುವುದು ಇಲ್ಲೇ, ಡ್ರಮ್ ಖಾಲಿ ಮಾಡಿದ ದಿನ ಕಡು ಉಪ್ಪು, ಉಳಿದ ದಿನ ಸಪ್ಪೆ ನೀರು. ಎಲ್ಲ ನೀರನ್ನೂ ಮೊದಲು ಒಂದು ತೊಟ್ಟಿಯಲ್ಲಿ ಕೂಡಿಸಿ, ಕಲಸಿ, ದಿನವೂ ಒಂದೇ ಹದದಲ್ಲಿ ಟ್ಯಾಂಕಿಗೆ ಬಿಡಿ. ತೀರಾ ಕಡು ಉಪ್ಪುನೀರನ್ನು ಬೇರೆಯೇ ತೆಗೆದು ಬಿಸಿಲಿಗೆ ಆರಿಸುವುದು ಮೇಲು. ತಮಿಳುನಾಡಿನ ಚರ್ಮ ಹದಮಾಡುವ ಕಡೆ, ಉಪ್ಪು ಹಾಕಿದ ತೊಗಲು ನೆನೆಸಿದ ನೀರಿಗೆ ಹೀಗೇ ಮಾಡುತ್ತಾರೆ.

ಇನ್ನೊಂದು. ಟ್ಯಾಂಕಿನಿಂದ ಹೊರಬಂದ ನೀರು ತಿಳಿಯಾಗಿದೆ ಅಂತ ಸುಮ್ನೆ ತೋಟಕ್ಕೆ ಬಿಡಬೇಡಿ. ಜೀವಿಗಳು ಕೊಳೆ ತಿನ್ನುತ್ತವೆ, ಉಪ್ಪನ್ನಲ್ಲ. ಅದು ಹೆಚ್ಚುಕಮ್ಮಿ ಅಷ್ಟೂ ನೀರಿನಲ್ಲೇ ಇರುತ್ತದೆ, ನೆಲ ಚೌಳಾಗುತ್ತದೆ. ಬಿಡುವ ಮುಂಚೆ ಒಂದು ಲೋಟ ನೀರು ತೆಗೆದು ನೀರಿನ ಉಪ್ಪಿನಂಶ ತೋರಿಸುವ ಇಸಿ ಮೀಟರಿನಲ್ಲಿ ಅಳೆದು ನೋಡಿ. ನಮಸ್ಕಾರ.