ಹವ್ವಳಿಗೆ ಗ್ರೀಕಿನಲ್ಲಿ ಎರಡು ಹೆಸರು

ಎಲ್ಲರಿಗೂ ನಮಸ್ಕಾರ.

ಬೈಬಲಿನ ಮೊದಲ ಹೆಂಗಸು ಕನ್ನಡದಲ್ಲಿ ಹವ್ವ, ಇಂಗ್ಲಿಷಿನಲ್ಲಿ ಈವ್. ಒಬ್ಬಳೇ ಹೆಂಗಸಿನ ಹೆಸರು ಇಷ್ಟು ಬೇರೆಬೇರೆಯಾಗಿ ಕೇಳಿಸೋದಕ್ಕೆ ಕಾರಣ ಗ್ರೀಕ್ ಭಾಷೆ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 3:20 ನೋಡಿ, ಅಂದರೆ 3ನೇ ಅಧ್ಯಾಯದ 20ನೇ ವಚನ. ಆದಾಮ ಹೆಂಡತಿಗೆ ಹವ್ವ ಅಂತ ಹೆಸರಿಡುತ್ತಾನೆ, ಯಾಕೆಂದರೆ ಅವಳು ಬದುಕುವವರಿಗೆಲ್ಲ ತಾಯಿ. ಆ 'ಯಾಕೆಂದರೆ' ಎಲ್ಲಿಂದ ಬಂತು? ಕನ್ನಡದಲ್ಲಿ ಓದಿದರೆ ಗೊತ್ತಾಗುವುದಿಲ್ಲ, ಅಲ್ವಾ? ಈ ಪುಸ್ತಕದ ಮೂಲ ಭಾಷೆಯಾದ ಹೀಬ್ರೂ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ. 'ಹಯ್' ಅಂದರೆ ಬದುಕಿರುವ. ಹವ್ವಾ ಅನ್ನುವ ಹೆಸರಿನಲ್ಲೇ ಬದುಕು ಕೇಳಿಸುತ್ತದೆ. ಇಡೀ ಹೀಬ್ರೂ ಬೈಬಲಿನಲ್ಲಿ ಈ ಹೆಸರು ಬರುವುದು ಎರಡೇ ಸಲ, ಇಲ್ಲಿ ಮತ್ತು 4:1ರಲ್ಲಿ.

ಕ್ರಿಸ್ತಪೂರ್ವ 3ನೇ ಶತಮಾನ. ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಯೆಹೂದಿಗಳ ಮನೆಮಾತು ಗ್ರೀಕ್ ಆಗಿಬಿಟ್ಟಿತ್ತು. ಅವರಿಗಾಗಿ ಧರ್ಮಗ್ರಂಥವನ್ನು ಗ್ರೀಕಿಗೆ ತಂದರು. ಅದೇ ಸೆಪ್ಟುವಜಿಂಟ್. ಈ ವಚನಕ್ಕೆ ಬಂದಾಗ ಅನುವಾದಕರು ಹೆಸರನ್ನೇ ಬಿಟ್ಟು ಅರ್ಥವನ್ನು ಹಿಡಿದರು. 'ಜೋಎ' ಅಂತ ಬರೆದರು. ಜೋಎ ಅಂದರೆ ಗ್ರೀಕಿನಲ್ಲಿ ಜೀವ. ನಮ್ಮ ಕಡೆ ಆಗಿದ್ದರೆ ಜೀವಮ್ಮ ಅನ್ನುತ್ತಿದ್ದೆವೇನೋ! 'ಯಾಕೆಂದರೆ' ಸರಿಯಾಗಿ ಕೂತಿತು.

ಐದೇ ವಚನ ಮುಂದೆ, 4:1ರಲ್ಲಿ, ಅವಳೇ 'ಎವಾ' ಆಗುತ್ತಾಳೆ. ಅಲ್ಲಿ ಹೆಸರಿಗೆ ವಿವರಣೆ ಇಲ್ಲ, ಹಾಗಾಗಿ ಶಬ್ದ ಸಾಕು ಅನ್ನಿಸಿರಬೇಕು. ಹೀಬ್ರೂವಿನ ಗಂಟಲಿನ 'ಹ' ಗ್ರೀಕಿನಲ್ಲಿ ಇರಲಿಲ್ಲ. ಅದು ಸವೆದುಹೋಯಿತು. ಎವಾ ಮುಂದೆ ಲ್ಯಾಟಿನ್ ದಾಟಿ ಇಂಗ್ಲಿಷಿನ ಈವ್ ಆಯಿತು.

ತಮಾಷೆ ಇರುವುದು ಇಲ್ಲಿಂದ ಮುಂದೆ. ಗ್ರೀಕ್ ಕಿವಿಗೆ 'ಎವಾ' ಸುಮ್ನೆ ಒಂದು ಸದ್ದು. ಅರ್ಥವಿಲ್ಲದ ಸದ್ದಿಗೆ ಯಾರು ಬೇಕಾದರೂ ಅರ್ಥ ಹಚ್ಚಬಹುದು. ಕ್ರಿಸ್ತಶಕ 200ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಕ್ರೈಸ್ತ ಪಂಡಿತ ಹಾಗೇ ಮಾಡಿದ. ಗ್ರೀಕರ ಮದ್ಯದ ದೇವರು ದಿಯೊನಿಸಸ್‌ನ ಭಕ್ತರು ಹಾವು ಹಿಡಿದು ಕುಣಿಯುತ್ತಾ ಕೂಗುವುದು ಈ ಎವಾಳ ಹೆಸರನ್ನೇ ಅಂದ. 'ಹ' ಸೇರಿಸಿ ಹೀಬ್ರೂ ರೀತಿಯಲ್ಲಿ ಹೇಳಿದರೆ ಅದಕ್ಕೆ ಹೆಣ್ಣುಹಾವು ಅಂತ ಅರ್ಥ ಅಂತಲೂ ಬರೆದ. ಪೂರ್ತಿ ಕಟ್ಟುಕತೆಯಲ್ಲ. ಹೀಬ್ರೂವಿಗೆ ಹತ್ತಿರದ ಭಾಷೆ ಅರಾಮಿಕ್‌ನಲ್ಲಿ ಹಾವಿಗೆ 'ಹಿವ್ಯಾ' ಅನ್ನುತ್ತಾರೆ. ಬೈಬಲಿನ ಕತೆಯಲ್ಲಿ ಬೇಡವೆಂದ ಹಣ್ಣನ್ನು ತಿನ್ನುವಂತೆ ಹವ್ವಳನ್ನು ಮರುಳು ಮಾಡಿದ್ದೂ ಹಾವೇ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳೂ ಈ 'ಹಿವ್ಯಾ' ಪದದೊಡನೆ ಆಡಿದ್ದಾರೆ, ಹವ್ವಳಿಗೇ ಹೇಳುವಂತೆ: ಹಾವು ನಿನಗೆ ಹಾವಾಯಿತು, ನೀನು ಆದಾಮನಿಗೆ ಹಾವಾದೆ ಅನ್ನುವ ಧಾಟಿಯಲ್ಲಿ. ನನಗಂತೂ ಇದು ಒಪ್ಪಿಗೆಯಿಲ್ಲ. 'ಬದುಕುವವರ ತಾಯಿ' ಅಂತ ಗ್ರಂಥವೇ ಬಾಯಿಬಿಟ್ಟು ಹೇಳುತ್ತಿರುವಾಗ ಹಾವನ್ನು ಯಾಕೆ ಎಳೆದು ತರಬೇಕು? ತಪ್ಪನ್ನು ಹೆಂಗಸಿನ ತಲೆಗೆ ಕಟ್ಟುವ ಅವಸರ ಜಾಸ್ತಿ ಇತ್ತು, ಅಷ್ಟೇ.

ಕ್ರೈಸ್ತ ಧರ್ಮದ ಮೊದಲ ಪ್ರಚಾರಕರಲ್ಲೊಬ್ಬನಾದ ಪೌಲ ಗ್ರೀಸಿನ ಕೊರಿಂಥ ಊರಿನವರಿಗೆ ಬರೆದ, ಬೈಬಲಿನಲ್ಲೇ ಇರುವ ಎರಡನೇ ಪತ್ರದಲ್ಲೂ ಅವಳ ಹೆಸರು ಹಾವಿನ ಜೊತೆಗೇ ಬರುತ್ತದೆ, 11:3ರಲ್ಲಿ. ಮೂಲ ಗ್ರೀಕಿನಲ್ಲಿರುವುದು ಎವಾ. ಇಂಗ್ಲಿಷಿನವರು ಅದನ್ನು ಈವ್ ಮಾಡಿದರು. ನಮ್ಮ ಅನುವಾದಕರು ಮಾತ್ರ ಗ್ರೀಕಿನ ಪತ್ರದಲ್ಲೂ ಹೀಬ್ರೂವಿಗೆ ಹತ್ತಿರದ ಹವ್ವಳನ್ನೇ ಉಳಿಸಿಕೊಂಡರು.