ಮ್ಯಾಗ್ಸೇಸೆ ಅಂದ್ರೆ ಬರೀ ಪ್ರಶಸ್ತಿ ಅಲ್ಲ

ನಮಸ್ಕಾರ ಎಲ್ಲರಿಗೂ. ಮನಿಲಾದಲ್ಲಿ ಇವತ್ತು ನನ್ನ ಮೂರನೇ ದಿನ. ಈ ರಸ್ತೆ ರೋಹಾಸ್ ಬುಲೆವಾರ್ಡ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಈ ಎತ್ತರದ ಕಟ್ಟಡ, ರಮೋನ್ ಮ್ಯಾಗ್ಸೇಸೆ ಸೆಂಟರ್. ಈ ಹೆಸರು ನಾನು ಮೊದಲು ಕೇಳಿದ್ದು ಹೆಗ್ಗೋಡಿನಲ್ಲಿ. ನೀನಾಸಂನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಬಂದಿತ್ತಲ್ಲ, ಆ ಮ್ಯಾಗ್ಸೇಸೆ. ಪ್ರಶಸ್ತಿ ಗೊತ್ತಿತ್ತು. ಆದರೆ ಅದು ಯಾರ ಹೆಸರು ಅಂತ ಒಂದು ದಿನವೂ ಕೇಳಿರಲಿಲ್ಲ.

ಅವರು ಫಿಲಿಪ್ಪೀನ್ಸ್‌ನ ಅಧ್ಯಕ್ಷರಾಗಿದ್ದವರು. ಅದಕ್ಕೂ ಮುಂಚೆ ಬಸ್ ಮೆಕ್ಯಾನಿಕ್!

ಹುಟ್ಟಿದ್ದು 1907ರಲ್ಲಿ, ಸಾಂಬಾಲೆಸ್ ಪ್ರಾಂತ್ಯದ ಇಬಾ ಊರಿನಲ್ಲಿ. ಅಪ್ಪ ಕಮ್ಮಾರ, ಅಮ್ಮ ಟೀಚರ್. ಬಸ್ ಕಂಪನಿಯ ಶೆಡ್ಡಿಗೆ ಸೇರಿದ ಹುಡುಗ ಮ್ಯಾನೇಜರ್ ಆಗುವವರೆಗೂ ಬೆಳೆದ. ಜಪಾನಿನ ಸೈನ್ಯ ಬಂದಾಗ ಅದೇ ಸಾಂಬಾಲೆಸ್‌ನ ಬೆಟ್ಟಗಳಲ್ಲಿ ಗೆರಿಲ್ಲಾ ನಾಯಕನಾದ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಸಂಸತ್ತಿಗೆ ಆರಿಸಿ ಬಂದರು.

1950ರಲ್ಲಿ ರಕ್ಷಣಾ ಸಚಿವರಾದರು. ಆಗ ಹುಕ್ ಎಂಬ ಕಮ್ಯುನಿಸ್ಟ್ ಗೆರಿಲ್ಲಾಗಳ ಬಂಡಾಯ ಜೋರಾಗಿತ್ತು. ಹುಕ್‌ಗಳಲ್ಲಿ ಹೆಚ್ಚಿನವರು ಗೇಣಿ ರೈತರು. ಭೂಮಾಲೀಕರ ಕಾಟ ತಡೆಯಲಾರದೆ ಕಾಡಿಗೆ ಹೋದವರು. ಮ್ಯಾಗ್ಸೇಸೆ ಸೈನ್ಯವನ್ನು ಚುರುಕುಗೊಳಿಸಿದರು. ಜೊತೆಗೆ ಶರಣಾದವರಿಗೆ ಮಿಂಡನಾವ್ ದ್ವೀಪದಲ್ಲಿ ಜಮೀನು ಕೊಡಿಸಿದರು. ಬಂದೂಕು ಹಿಡಿದವನಿಗೆ ಬೇಕಿದ್ದದ್ದು ಹೊಲ ಅಂತ ಅವರಿಗೆ ಅರ್ಥವಾಗಿತ್ತು.

ಒಂದು ಘಟನೆ ಮಾತ್ರ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. 1951ರ ಚುನಾವಣೆ. ನೆಗ್ರೋಸ್ ದ್ವೀಪದ ಒಂದು ಊರಿನಲ್ಲಿ ಮೊಯ್ಸೆಸ್ ಪಡಿಲ್ಲಾ ಎಂಬ ಯುವಕ ಮೇಯರ್ ಸ್ಥಾನಕ್ಕೆ ನಿಂತಿದ್ದ. ವಿರೋಧ ಪಕ್ಷದವನು. ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಮ್ಯಾಗ್ಸೇಸೆ ಅಲ್ಲಿಗೆ ಹೋಗಿ, ಆ ಹೆಣವನ್ನು ತಮ್ಮ ಕೈಯಲ್ಲೇ ಎತ್ತಿಕೊಂಡು ಬಂದರು. ಕೊಲೆಯ ಕೇಸು ಪ್ರಾಂತ್ಯದ ಗವರ್ನರ್ ಮೇಲೆಯೇ ಬಿತ್ತು. ಆ ಗವರ್ನರ್ ಯಾರ ಪಕ್ಷ ಗೊತ್ತಾ? ಮ್ಯಾಗ್ಸೇಸೆಯವರದ್ದೇ ಪಕ್ಷ. ಆ ಊರಿಗೆ ಈಗ ಮೊಯ್ಸೆಸ್ ಪಡಿಲ್ಲಾ ಅಂತಲೇ ಹೆಸರು.

1953ರಲ್ಲಿ ಅವರು ಸಚಿವ ಸ್ಥಾನ ಬಿಟ್ಟರು, ಪಕ್ಷವನ್ನೂ ಬಿಟ್ಟರು. ಅದೇ ವರ್ಷ ಅಧ್ಯಕ್ಷರಾಗಿದ್ದ ಕಿರಿನೋ ಅವರ ಎದುರೇ ನಿಂತು ಭಾರಿ ಅಂತರದಿಂದ ಗೆದ್ದರು. ಜನ ಅವರನ್ನು 'ದ ಗೈ' ಅಂತ ಕರೆಯುತ್ತಿದ್ದರು. ಸುಮ್ನೆ, ನಮ್ಮ ಹುಡುಗ ಅನ್ನೋ ಹಾಗೆ. ಪ್ರಮಾಣ ವಚನಕ್ಕೆ ಕೋಟು ಹಾಕಲಿಲ್ಲ, ಇಲ್ಲಿಯ ಬಾರೋಂಗ್ ಅಂಗಿ ತೊಟ್ಟು ಬಂದರು. ಅಧ್ಯಕ್ಷರ ನಿವಾಸವಾದ ಮಲಕಾನ್ಯಾಂಗ್ ಅರಮನೆಯ ಬಾಗಿಲನ್ನು ಜನರಿಗೆ ತೆರೆದರು. ದೂರು ಕೇಳುವುದಕ್ಕೇ ಒಂದು ಸಮಿತಿ ಮಾಡಿದರು.

ಹಾಗಂತ ಇದು ಬರೀ ಹೊಗಳಿಕೆಯ ಕಥೆ ಅಲ್ಲ. ಅಮೆರಿಕದ ಸಿಐಎಯ ಎಡ್ವರ್ಡ್ ಲ್ಯಾನ್ಸ್‌ಡೇಲ್ ಮ್ಯಾಗ್ಸೇಸೆಯವರ ಪಕ್ಕದಲ್ಲೇ ಇದ್ದ. ಅವರ ಗೆಲುವಿನಲ್ಲಿ ಆತನ ಕೈ ಎಷ್ಟಿತ್ತು ಅಂತ ಇಂದಿಗೂ ವಾದ ನಡೆಯುತ್ತದೆ. 1955ರ ಭೂಸುಧಾರಣೆ ಕಾಯ್ದೆಯನ್ನು ಸಂಸತ್ತಿನಲ್ಲಿದ್ದ ಭೂಮಾಲೀಕರು ಸಡಿಲ ಮಾಡಿಬಿಟ್ಟರು. ಕಾಡಿಗೆ ಹೋದವನಿಗೆ ಜಮೀನು ಸಿಕ್ಕಿತು. ಊರಲ್ಲೇ ಉಳಿದು ಗೇಣಿ ಕೊಡುತ್ತಿದ್ದವನ ಪಾಡು ಜಾಸ್ತಿ ಬದಲಾಗಲಿಲ್ಲ.

1957ರ ಮಾರ್ಚ್ 17. ಸೆಬು ನಗರದಲ್ಲಿ ಕಾರ್ಯಕ್ರಮ ಮುಗಿಸಿ ನಡುರಾತ್ರಿ ಕಳೆದ ಮೇಲೆ ವಿಮಾನ ಹತ್ತಿದರು. ಅದು ಮನುಂಗಲ್ ಬೆಟ್ಟಕ್ಕೆ ಅಪ್ಪಳಿಸಿತು. ಬದುಕಿದ್ದು ಒಬ್ಬ ಪತ್ರಕರ್ತ ಮಾತ್ರ. ಅಧ್ಯಕ್ಷರಿಗೆ ಆಗ 49 ವರ್ಷ.

ಪ್ರಶಸ್ತಿ ಶುರುವಾಗಿದ್ದು ಅದೇ ವರ್ಷ, ರಾಕ್‌ಫೆಲ್ಲರ್ ಕುಟುಂಬದ ನಿಧಿಯ ದುಡ್ಡಿನಿಂದ. 1958ರಲ್ಲಿ ಮೊದಲ ಬಾರಿಗೆ ಕೊಟ್ಟಾಗ ನಮ್ಮ ವಿನೋಬಾ ಭಾವೆಯವರಿಗೂ ಸಿಕ್ಕಿತು. ಜಮೀನು ಕೇಳುತ್ತಾ ಊರೂರು ನಡೆದವರು!

ಸರಿ, ಬಿಸಿಲು ಏರುತ್ತಿದೆ. ನಾಳೆ ಮಲಕಾನ್ಯಾಂಗ್ ಕಡೆ ಹೋಗುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನ ಹೊರಗಿಂದಲೇ ತೋರಿಸುತ್ತೇನೆ.