ಪತ್ರ ಒಬ್ಬರಿಗೆ, ಅಡುಗೆ ಇಡೀ ಪಂಕ್ತಿಗೆ

ಎಲ್ಲರಿಗೂ ನಮಸ್ಕಾರ. ‘ಲೈಕ್ ವಾಟರ್ ಫಾರ್ ಚಾಕೊಲೇಟ್’ ಎಂಬ ಮೆಕ್ಸಿಕೋದ ಚಿತ್ರ ಈಗಷ್ಟೇ ನೋಡಿದ್ದೀರಿ, ಹಾಗಾಗಿ ನಾಯಕಿ ತೀತಾಳ ಕಥೆ ಹೇಳುತ್ತಾ ಕೂರುವುದಿಲ್ಲ. ಹೊರಗೆ ನಿಂತಿದ್ದಾಗ ಒಬ್ಬರು ಹೇಳಿದರು: ‘ತೀತಾಗೆ ಬಾಯಿಬಿಟ್ಟು ಹೇಳೋಕಾಗಲ್ಲ, ಅದಕ್ಕೇ ಅಡುಗೆಯಲ್ಲಿ ಪ್ರೇಮಪತ್ರ ಬರೀತಾಳೆ, ಅಲ್ವಾ ಸರ್?’ ತುಂಬಾ ಜನ ಹೀಗೇ ಹೇಳುತ್ತಾರೆ. ಕೇಳೋಕೂ ಚೆನ್ನಾಗಿದೆ. ಆದರೆ ನಾನು ಇವತ್ತು ಬಂದಿರುವುದೇ ಆ ಮಾತಿನ ಜೊತೆ ಜಗಳ ಆಡೋದಕ್ಕೆ.

ಪತ್ರದ ಮೇಲೆ ಒಬ್ಬರ ಹೆಸರಿರುತ್ತದೆ. ಅದನ್ನು ಮಡಚಿಡಬಹುದು, ಬಚ್ಚಿಡಬಹುದು, ಭಯವಾದರೆ ಸುಟ್ಟುಬಿಡಬಹುದು. ಅಡುಗೆ ಹಾಗಲ್ಲ. ಮೇಜಿಗೆ ಬಂದ ಮೇಲೆ ಅದು ಕೂತವರೆಲ್ಲರ ತಟ್ಟೆಗೂ ಹೋಗುತ್ತದೆ. ಪ್ರೀತಿಸಿದವನೂ ತಿನ್ನುತ್ತಾನೆ, ಅವನನ್ನು ಕಟ್ಟಿಕೊಂಡ ಅಕ್ಕನೂ ತಿನ್ನುತ್ತಾಳೆ, ‘ಈ ಮದುವೆ ಆಗಲ್ಲ’ ಅಂದ ತಾಯಿಯೂ ತಿನ್ನುತ್ತಾಳೆ. ಬೇಡವೆಂದ ಪ್ರೀತಿಯೊಂದು ಅಡುಗೆಮನೆಯಿಂದ ಹೊರಟರೆ ಅದಕ್ಕೆ ಗುಟ್ಟು ಅನ್ನುವುದೇ ಉಳಿಯುವುದಿಲ್ಲ. ‘ಲೈಕ್ ವಾಟರ್ ಫಾರ್ ಚಾಕೊಲೇಟ್’ ಚಿತ್ರಕ್ಕೆ ಇದು ಗೊತ್ತು. ನಾನು ಅದನ್ನು ಇಷ್ಟಪಡುವುದು ಇದಕ್ಕೇ.

ಲಾರಾ ಎಸ್ಕಿವೆಲ್ ಅವರ ಕಾದಂಬರಿ ಬಂದದ್ದು 1989ರಲ್ಲಿ. ಹನ್ನೆರಡು ಅಧ್ಯಾಯ, ಹನ್ನೆರಡು ತಿಂಗಳು, ತಿಂಗಳಿಗೊಂದು ಅಡುಗೆ. 1992ರಲ್ಲಿ ಅಲ್ಫೋನ್ಸೊ ಅರಾವ್ ಅದನ್ನು ಸಿನಿಮಾ ಮಾಡಿದರು. ಆಗ ಇಬ್ಬರೂ ಗಂಡ ಹೆಂಡತಿ. ಚಿತ್ರಕಥೆಯೂ ಎಸ್ಕಿವೆಲ್ ಅವರದೇ. ಹಾಗಾಗಿ ಪುಸ್ತಕದಲ್ಲಿ ಏನಿತ್ತು, ಚಿತ್ರದಲ್ಲಿ ಏನು ಹೋಯಿತು ಎನ್ನುವ ಲೆಕ್ಕ ನನಗೆ ಮುಖ್ಯವಲ್ಲ. ಪ್ರಶ್ನೆ ಬೇರೆಯೇ ಇದೆ. ಪುಸ್ತಕದಲ್ಲಿ ಪಾಕವಿಧಾನ ಬರೆಯಬಹುದು. ಓದುವವರ ಬಾಯಲ್ಲಿ ನೀರೂರುತ್ತದೆ. ಪರದೆಗೆ ವಾಸನೆಯಿಲ್ಲ, ರುಚಿಯಿಲ್ಲ. ಹಾಗಾದರೆ ಕ್ಯಾಮೆರಾ ಎಲ್ಲಿ ನೋಡಬೇಕು?

ಗುಲಾಬಿ ಎಸಳಿನ ದೃಶ್ಯ ನೆನಪು ಮಾಡಿಕೊಳ್ಳಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ. ತೀತಾ ಅಡುಗೆಮನೆಯ ಹೊಣೆ ಹೊತ್ತು ಒಂದು ವರ್ಷವಾಯಿತೆಂದು, ಅವಳು ಪ್ರೀತಿಸಿದ ಪೆದ್ರೊ ಗುಲಾಬಿ ತಂದುಕೊಡುತ್ತಾನೆ. ಅವನ ಹೆಂಡತಿ, ಅಂದರೆ ತೀತಾಳ ಅಕ್ಕ ರೊಸೌರಾ ಅಲ್ಲೇ ಇದ್ದಾಳೆ, ಬಸುರಿ. ತಾಯಿ ಮಾಮಾ ಎಲೆನಾಗೆ ಮಾತು ಬೇಕಿಲ್ಲ, ಒಂದು ನೋಟ ಸಾಕು: ಬಿಸಾಡು. ತೀತಾ ಹೂವನ್ನು ಎದೆಗವಚಿಕೊಳ್ಳುತ್ತಾಳೆ. ಮುಳ್ಳು ಚುಚ್ಚುತ್ತದೆ, ರಕ್ತ ಬರುತ್ತದೆ. ಬಿಸಾಡಲು ಮನಸ್ಸಿಲ್ಲ. ಆಗ, ಸತ್ತುಹೋದ ಅಡುಗೆಯ ಮುದುಕಿ ನಾಚಾಳ ದನಿ ಕಿವಿಯಲ್ಲಿ ಒಂದು ಹಳೇ ಅಡುಗೆ ಹೇಳಿಕೊಡುತ್ತದೆ. ಅದಕ್ಕೆ ಬೇಕಾದದ್ದು ಫೆಸೆಂಟ್ ಹಕ್ಕಿ. ಮನೆಯಲ್ಲಿ ಇದ್ದದ್ದು ಲಾವಕ್ಕಿ. ಸರಿ, ಅದೇ ಆಗಲಿ. ಹನ್ನೆರಡು ಗುಲಾಬಿ, ಆರು ಲಾವಕ್ಕಿ.

ಕಾದಂಬರಿಯಲ್ಲಿ ಇಲ್ಲೊಂದು ಚಿಕ್ಕ ವಿವರವಿದೆ. ಮೊದಲ ಹಕ್ಕಿಯ ಕತ್ತು ಮುರಿಯುವಾಗ ತೀತಾಳ ಕೈ ಗಟ್ಟಿಯಾಗುವುದಿಲ್ಲ. ಹಕ್ಕಿ ಅರೆಜೀವವಾಗಿ, ಕತ್ತು ಒಂದು ಪಕ್ಕಕ್ಕೆ ಜೋತು, ಅಡುಗೆಮನೆ ತುಂಬಾ ಓಡಾಡುತ್ತದೆ. ಕೊಲ್ಲುವುದಾದರೆ ಒಂದೇ ಏಟಿಗೆ ಕೊಲ್ಲಬೇಕು, ಅಮ್ಮ ನನ್ನನ್ನು ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪವೇ ಕೊಲ್ಲುತ್ತಿದ್ದಾಳೆ ಎಂದು ಅವಳಿಗೆ ಹೊಳೆಯುವುದು ಆಗ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ. ಕಿರಿ ಮಗಳು ಮದುವೆಯಾಗಬಾರದು, ಸಾಯುವ ತನಕ ತಾಯಿಯ ಸೇವೆ ಮಾಡಬೇಕು ಎಂಬ ಆ ಮನೆಯ ಕಟ್ಟಳೆಯನ್ನು ಎಷ್ಟು ಪುಟ ವಿವರಿಸಿದರೂ ಹೀಗೆ ನಾಟುತ್ತಿರಲಿಲ್ಲ.

ಈಗ ಊಟದ ಮೇಜು. ಅಡುಗೆ ಒಂದೇ, ಆದರೆ ಮುಖ ನೋಡಿ. ಪೆದ್ರೊ ಕಣ್ಣು ಮುಚ್ಚಿಕೊಳ್ಳುತ್ತಾನೆ, ದೇವರುಗಳು ಉಣ್ಣುವಂಥದ್ದು ಅನ್ನುತ್ತಾನೆ. ಅಡುಗೆ ಸೊಗಸಾಗಿದೆ ಎಂದು ಮಾಮಾ ಎಲೆನಾಗೂ ಗೊತ್ತು. ಆದರೂ ಅವಳು ಹೇಳುವುದು ಒಂದೇ: ಉಪ್ಪು ಜಾಸ್ತಿಯಾಗಿದೆ! ರೊಸೌರಾಗೆ ಗಂಟಲಲ್ಲಿ ಇಳಿಯುವುದಿಲ್ಲ. ವಾಕರಿಕೆ ಅಂತ ನೆಪ ಹೇಳಿ ಎದ್ದುಹೋಗುತ್ತಾಳೆ. ಇನ್ನೊಬ್ಬ ಅಕ್ಕ ಹೆರ್ತ್ರೂದಿಸ್‌ಗೆ ಮಾತ್ರ ಮೈಯೆಲ್ಲಾ ಬೆಂಕಿ. ಸ್ನಾನಕ್ಕೆ ಹೋದರೆ ಅವಳ ಮೈ ಬಿಸಿಗೆ ಬಚ್ಚಲ ಗೋಡೆಯ ಹಲಗೆಗಳೇ ಹೊತ್ತಿಕೊಳ್ಳುತ್ತವೆ. ಬರಿಮೈಯಲ್ಲೇ ಓಡುತ್ತಾಳೆ, ಗುಲಾಬಿ ಪರಿಮಳ ಹಿಡಿದು ಬಂದ ಮೆಕ್ಸಿಕೋ ಕ್ರಾಂತಿಯ ಸೈನಿಕ ಅವಳನ್ನು ಕುದುರೆಗೆ ಎತ್ತಿಕೊಂಡು ಹೋಗುತ್ತಾನೆ.

ನೋಡಿ, ಅಡುಗೆ ಮಾಡಿದ್ದು ಪೆದ್ರೊಗಾಗಿ. ಬದುಕು ಬದಲಾದದ್ದು ಹೆರ್ತ್ರೂದಿಸ್‌ದು! ಪತ್ರವಾಗಿದ್ದರೆ ಹೀಗಾಗುತ್ತಿತ್ತಾ? ಕ್ಯಾಮೆರಾ ಎಲ್ಲಿ ನೋಡಬೇಕು ಎಂದು ಕೇಳಿದೆನಲ್ಲ, ಉತ್ತರ ಇಲ್ಲೇ ಇದೆ. ಅದು ತಟ್ಟೆಯನ್ನು ಬಿಟ್ಟು ತಿನ್ನುವವರ ಮುಖಕ್ಕೆ ಹೋಗುತ್ತದೆ. ಲೂಮಿ ಕವಾಸೋಸ್ ತೀತಾ ಆಗಿ ಆ ಮೇಜಿನಲ್ಲಿ ಏನೂ ಮಾಡುವುದಿಲ್ಲ. ಸುಮ್ನೆ ಕೂತು ನೋಡುತ್ತಾಳೆ. ತನ್ನೊಳಗಿನದು ತನ್ನ ಕೈ ಮೀರಿ ಹೋಯಿತು ಎಂದು ಆ ಕಣ್ಣು ಹೇಳುತ್ತದೆ.

ಪೆದ್ರೊ, ರೊಸೌರಾ ಮದುವೆಯ ಕೇಕಿನದೂ ಇದೇ ಕಥೆ. ಹಿಟ್ಟಿಗೆ ಬಿದ್ದದ್ದು ತೀತಾಳ ಕಣ್ಣೀರು. ಅತ್ತದ್ದು, ವಾಂತಿ ಮಾಡಿಕೊಂಡದ್ದು ಬಂದ ನೆಂಟರು. ಪಾಪ, ಅವರೇನು ಮಾಡಿದ್ದರು? ಆ ರಾತ್ರಿಯೇ ನಾಚಾ ಸತ್ತುಹೋಗುತ್ತಾಳೆ, ತನ್ನ ಹಳೇ ಪ್ರಿಯಕರನ ಫೋಟೊ ಕೈಯಲ್ಲಿ ಹಿಡಿದು. ತೀತಾಳ ದುಃಖ ತಿಂದವರಿಗೆಲ್ಲ ಅವರವರ ದುಃಖ ಎದ್ದು ಬಂತು.

ಪತ್ರದ ವಿಷಯಕ್ಕೇ ಮತ್ತೆ ಬರುತ್ತೇನೆ, ಯಾಕೆಂದರೆ ಈ ಮನೆಯಲ್ಲಿ ನಿಜವಾದ ಪ್ರೇಮಪತ್ರಗಳೂ ಇವೆ. ಯಾರವು ಗೊತ್ತಲ್ಲ? ಮಾಮಾ ಎಲೆನಾಳವು. ಅವಳಿಗೂ ಒಂದು ಬೇಡವೆಂದ ಪ್ರೀತಿ ಇತ್ತು. ಹುಡುಗನ ಮೈಯಲ್ಲಿ ಕಪ್ಪು ಜನರ ರಕ್ತ ಇದೆ ಎಂದು ಮನೆಯವರು ಮದುವೆ ಮಾಡಲಿಲ್ಲ. ಹೆರ್ತ್ರೂದಿಸ್ ಅವನ ಮಗಳು. ಕಾದಂಬರಿಯಲ್ಲಿ ಆ ಪತ್ರಗಳನ್ನು ಅವಳು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಅವಳು ಸತ್ತ ಮೇಲೆ ತೀತಾ ಆ ಪೆಟ್ಟಿಗೆ ತೆರೆಯುತ್ತಾಳೆ. ತಾಯಿಗೂ ಮಗಳಿಗೂ ಆದದ್ದು ಒಂದೇ ಅನ್ಯಾಯ. ತಾಯಿ ತನ್ನದನ್ನು ಬೀಗ ಹಾಕಿಟ್ಟಳು, ಒಳಗೇ ಕಲ್ಲಾದಳು. ಮಗಳು ತನ್ನದನ್ನು ಬಡಿಸಿದಳು. ಅಂತ್ಯಕ್ರಿಯೆಯಲ್ಲಿ ತೀತಾ ತಾಯಿಗಾಗಿ ಅಳುತ್ತಾಳೆ. ಅವಳು ಅತ್ತದ್ದು ಆ ಬೀಗದ ಹಿಂದಿದ್ದ ಹುಡುಗಿಗಾಗಿ.

ಸಂಘಟಕರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ. ತೀತಾಗೆ ಚಿಕಿತ್ಸೆ ಮಾಡುವ ಡಾಕ್ಟರ್ ಬ್ರೌನ್ ಹೇಳುವ ಬೆಂಕಿಕಡ್ಡಿಯ ಮಾತು ಬಿಡುತ್ತೇನೆ, ಚಿತ್ರದ ಹೆಸರಿನ ಬಗ್ಗೆ ಒಂದು ಸಾಲು ಮಾತ್ರ. ಮೆಕ್ಸಿಕೋದಲ್ಲಿ ಚಾಕೊಲೇಟನ್ನು ಕುದಿಯುವ ನೀರಿಗೂ ಹಾಕಿ ಕುಡಿಯುತ್ತಾರೆ. ಇನ್ನೇನು ಉಕ್ಕುವಂತಿರುವ ನೀರು, ಅಂಥ ಮನಸ್ಸು.

ಎತ್ತಿನ ಬಾಲದ ಸೂಪನ್ನು ಮಾತ್ರ ಬಿಡಲಾರೆ. ರೊಸೌರಾಳ ಪುಟ್ಟ ಮಗು ಸತ್ತ ಸುದ್ದಿ ಕೇಳಿ ತೀತಾಳ ಮಾತು ನಿಂತುಹೋಗುತ್ತದೆ. ಗಡಿಯಾಚೆ ಡಾಕ್ಟರ್ ಮನೆಯಲ್ಲಿ ತಿಂಗಳುಗಟ್ಟಲೆ ಮೌನ, ಔಷಧಿ ನಾಟುವುದಿಲ್ಲ. ಮನೆಗೆಲಸದ ಚೆಂಚಾ ಸೂಪು ತರುತ್ತಾಳೆ. ಒಂದು ಗುಟುಕು ಕುಡಿದು ತೀತಾ ಅಳುತ್ತಾಳೆ, ಕಾದಂಬರಿಯಲ್ಲಂತೂ ಆ ಕಣ್ಣೀರು ಮೆಟ್ಟಿಲಿಳಿದು ಹರಿಯುತ್ತದೆ. ಇಡೀ ಕಥೆಯಲ್ಲಿ ಎಲ್ಲರಿಗೂ ಬಡಿಸಿದವಳಿಗೆ ಇಲ್ಲಿ ಯಾರೋ ಬಡಿಸಿದರು. ಮಾತು ತಿರುಗಿ ಬಂತು.

ಕೊನೆಗೆ ಜಮೀನು, ಮನೆ ಎಲ್ಲಾ ಸುಟ್ಟುಹೋಗುತ್ತದೆ. ಬೂದಿಯಡಿ ಉಳಿದದ್ದು ತೀತಾಳ ಅಡುಗೆ ಪುಸ್ತಕ. ಅದು ಸಿಕ್ಕಿದ್ದು ಅಕ್ಕನ ಮಗಳಿಗೆ, ಅವಳಿಂದ ಅವಳ ಮಗಳಿಗೆ. ಈ ಹುಡುಗಿಯೇ ನಮಗೆ ಕಥೆ ಹೇಳುತ್ತಿರುವುದು, ಈರುಳ್ಳಿ ಹೆಚ್ಚುತ್ತಾ, ಕಣ್ಣು ಉರಿಯದಿರಲಿ ಅಂತ ನೆತ್ತಿಯ ಮೇಲೆ ಒಂದು ಚೂರು ಈರುಳ್ಳಿ ಇಟ್ಟುಕೊಂಡು. ತೀತಾ ಈ ಹುಡುಗಿಯ ಹೆಸರಿಗೆ ಏನನ್ನೂ ಬರೆದಿರಲಿಲ್ಲ. ಆದರೂ ಹುಡುಗಿಯ ಕಣ್ಣಲ್ಲಿ ನೀರು ಬರುತ್ತಿದೆ.